ಎರಡು ಗೇಟುಗಳ ನಡುವೆ

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಶಹಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವನು ನಾನು. ಹೆದರಿದವರ ಕಣ್ಣಿಗೆ ಇಲ್ಲದ್ದೂ ಕಾಣುತ್ತದೆ ಎಂದು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ರೈಲ್ವೆ ಗೇಟು ಬೀಳುವಾಗ ನುಗ್ಗಬೇಡಿ ಎಂದೂ ಹೇಳಿದ್ದೇನೆ. ಆ ದಿನ ನುಗ್ಗಿದವನು ನಾನೇ. ಅದನ್ನು ಮುಚ್ಚಿಡುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಯಾದಗಿರಿಯ ಆಚೆ, ರೈಲು ಹಳಿ ದಾಟಿ ಹೋಗಬೇಕಾದ ಒಂದು ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಅಲ್ಲಿಗೆ ಹೋಗಿದ್ದ ಅವ್ವನನ್ನು ಕರೆದುಕೊಂಡು ಮಧ್ಯಾಹ್ನ ಊರಿಗೆ ಹೊರಟಿದ್ದೆ. ನನ್ನದು ಹಳೆಯ ಕಾರು. ಅದರ ಹಿಂದಿನ ಎಡಬಾಗಿಲು ನಾನು ಕೊಂಡ ದಿನದಿಂದ ಒಮ್ಮೆಯೂ ತೆರೆದಿರಲಿಲ್ಲ. ಒಳಗಿನಿಂದಲೂ ಇಲ್ಲ, ಹೊರಗಿನಿಂದಲೂ ಇಲ್ಲ. ಅವ್ವ ಬಲಗಡೆಯಿಂದ ಹತ್ತಿ, ಸರಿದು ಎಡಕ್ಕೆ ಕುಳಿತಳು. ಅವಳ ಪಕ್ಕದಲ್ಲಿ ಅಕ್ಕ ಕೊಟ್ಟ ತೊಗರಿಬೇಳೆಯ ಎರಡು ಚೀಲಗಳನ್ನು ಒಟ್ಟಿ ಬಾಗಿಲು ಹಾಕಿದೆ.

ಗೇಟಿನ ಹತ್ತಿರ ಬಂದಾಗ ಗಂಟೆ ಬಡಿಯುತ್ತಿತ್ತು. ಗೇಟಿನ ಉದ್ದನೆಯ ಕಂಬಿ ಇಳಿಯತೊಡಗಿತ್ತು.

"ನಿಂದ್ರು ತಮ್ಮಾ, ಏನ್ ಅವಸರ ಅದ?" ಎಂದಳು ಅವ್ವ.

ನಾನು ನಿಲ್ಲಲಿಲ್ಲ. ಮೊದಲ ಗೇಟು ದಾಟಿದೆ. ಅಷ್ಟರಲ್ಲಿ ಎದುರಿನದು ಬಿತ್ತು. ಬ್ರೇಕ್ ಒತ್ತಿದ ರಭಸಕ್ಕೆ ಕಾರು ಹಳಿಗಳ ಮೇಲೆಯೇ ಬಂದ್ ಬಿತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಗೇಟೂ ಬಿದ್ದಾಗಿತ್ತು. ಕೀಲಿ ತಿರುಗಿಸಿದೆ. ಎಂಜಿನ್ ಒಂದೆರಡು ಸಲ ನರಳಿ ಸುಮ್ಮನಾಯಿತು.

ಆಗ ರೈಲಿನ ಶಿಳ್ಳೆ ಕೇಳಿಸಿತು.

ಗೇಟ್‌ಮನ್ ಕೋಣೆಯಿಂದ ಹೊರಗೆ ಓಡಿ ಬಂದ. "ಗಾಡಿ ಬಿಟ್ಟು ಇಳೀರಿ! ಮೊದ್ಲ ಮಂದಿ ಇಳೀರಿ!" ಎಂದು ಕೂಗುತ್ತಲೇ ಕೆಂಪು ಬಾವುಟ ಹಿಡಿದು ರೈಲು ಬರುವ ಕಡೆಗೆ ಹಳಿಗುಂಟ ಓಡಿದ. ನಾನು ಸೀಟ್ ಬೆಲ್ಟಿನ ಗುಂಡಿ ಒತ್ತಿದೆ. ಬಿಚ್ಚಲಿಲ್ಲ. ಎರಡೂ ಹೆಬ್ಬೆರಳು ಇಟ್ಟು ಒತ್ತಿದೆ. ಎಳೆದಷ್ಟೂ ಬೆಲ್ಟು ಎದೆಗೆ ಬಿಗಿಯಿತು. ಹಿಂದೆ ಅವ್ವ ಬಾಗಿಲು ಗುದ್ದುತ್ತಿದ್ದಳು.

"ತಮ್ಮಾ, ಬಾಗ್ಲಾ ತೆರಿವಲ್ದೋ."

ಚೀಲಗಳ ಮೇಲೆ ಹತ್ತಿ ಈ ಕಡೆ ಬರುವ ವಯಸ್ಸು ಅವಳದಲ್ಲ. ನನ್ನ ಕೈ ಅವಳವರೆಗೆ ಹೋಗುತ್ತಿರಲಿಲ್ಲ. ಅವಳನ್ನು ನಾನೇ ತಂದು ಇಲ್ಲಿ ಕೂಡಿಹಾಕಿದೆನಲ್ಲ ಎನಿಸಿತು. ತಲೆ ಬಗ್ಗಿಸಿ ಮತ್ತೆ ಬೆಲ್ಟಿನ ಜೊತೆ ಗುದ್ದಾಡತೊಡಗಿದೆ.

ಹಿಂದೆ ಕರ್ ಎಂದು ಸಪ್ಪಳವಾಯಿತು. ಬಿಸಿಗಾಳಿ ಬಂದು ಕತ್ತಿಗೆ ತಾಗಿತು. ಹೊರಳಿ ನೋಡಿದರೆ ಸೀಟು ಖಾಲಿ. ಎಡಬಾಗಿಲು ಹಾರು ಹೊಡೆದಿತ್ತು. ಅವ್ವ ಆಗಲೇ ಗೇಟಿನ ಕಡೆಗೆ ನಡೆಯುತ್ತಿದ್ದಳು. ಅದಾದ ಮೇಲೆಯೇ ನನ್ನ ಬೆಲ್ಟು ಬಿಚ್ಚಿದ್ದು. ನಾನು ಇಳಿದು ಅವಳ ಕಡೆಗೆ ಓಡಿದೆ.

ನಿಧಾನವಾಗಿ ಬರುತ್ತಿದ್ದ ಗೂಡ್ಸ್ ಗಾಡಿ ಬಾವುಟ ನೋಡಿ, ಕಾರಿನಿಂದ ಹತ್ತು ಮಾರು ದೂರದಲ್ಲಿ ಕಿರುಗುಟ್ಟಿ ನಿಂತಿತು. ಗೇಟ್‌ಮನ್ ಏದುಸಿರು ಬಿಡುತ್ತ ಬಂದ. "ಓದಿದವ್ರು ನೀವs ಹಿಂಗ ಮಾಡಿದ್ರ ಹ್ಯಾಂಗ್ರಿ ಸರ?" ಎಂದ. ನಾನು ಕೈ ಮುಗಿದೆ. ಬಾಗಿಲು ತೆಗೆದು ಅವ್ವನನ್ನು ಇಳಿಸಿದ್ದು ಯಾರು ಎಂದು ಕೇಳಿದೆ. ತಾನು ರೈಲಿನ ಕಡೆ ಓಡಿದ್ದೆ, ಮಿಕ್ಕವರೆಲ್ಲ ಗೇಟಿನ ಆಚೆಗೇ ಇದ್ದರು ಎಂದ. ಜನ ಸೇರಿ ಆ ಬಾಗಿಲು ಮುಚ್ಚಿ ಕಾರು ತಳ್ಳಿದರು. ಆಮೇಲೆ ಅದು ಮತ್ತೆ ತೆರೆಯಲಿಲ್ಲ. ಶಹಾಪುರದ ಗ್ಯಾರೇಜಿನ ಮಿಸ್ತ್ರಿ ಅದನ್ನು ಬಿಚ್ಚಿ ಒಳಗಿನ ತುಕ್ಕು ಹಿಡಿದ ಕೊಂಡಿ ತೋರಿಸಿದ. "ಜಂಗ್ ಹಿಡದು ಕಲ್ಲಾಗ್ಯಾದ್ರಿ. ಇದು ತೆರದಿತ್ತು ಅಂದ್ರ ನಾ ಒಪ್ಪಂಗಿಲ್ಲ" ಎಂದ.

ಆ ಸಂಜೆ ಅವ್ವನನ್ನೂ ಕೇಳಿದ್ದೆ. ಈಗಲೂ ಸೂಜಿಗೆ ತಾನೇ ದಾರ ಪೋಣಿಸುವವಳು ಅವಳು. ನನ್ನ ಪ್ರಶ್ನೆಗೇ ಅವಳಿಗೆ ಆಶ್ಚರ್ಯವಾಯಿತು.

"ನೀನs ಬಂದು ತೆಗದಿ. ಕೈ ಹಿಡದು ಇಳಿಸಿದಿ. ಹಿಂದ ಹೊಳ್ಳಿ ನೋಡಬ್ಯಾಡ ಅವ್ವಾ, ನಡಿ ಅಂದಿ."

"ನಾ ಬೆಲ್ಟಿನಾಗ ಸಿಕ್ಕೊಂಡು ಮುಂದಿನ ಸೀಟಿನಾಗs ಇದ್ನಲ್ಲ ಅವ್ವಾ" ಎಂದೆ.

ಅವ್ವ ತನ್ನ ಕೈಯನ್ನು ಮುಂದೆ ಹಿಡಿದು ನೋಡಿಕೊಂಡಳು.

"ಹಂಗಾರ ನನ್ನ ಕೈ ಹಿಡದಾಂವ ಯಾರೋ?"