ಚಿಟ್ಟೆ ಕೋಣೆಯಲ್ಲಿ ಆಡಿದ ಮಾತು

ಮನೆಯಲ್ಲಿ ಯಾರಾದರೂ ಏನಾದರೂ ಕೇಳಿದರೆ ನಾನು ‘ಹೂಂ’ ಎನ್ನುತ್ತೇನೆ, ‘ಸರಿ’ ಎನ್ನುತ್ತೇನೆ, ತಲೆ ಕೆಟ್ಟಿದ್ದರೆ ‘ಏನಾದ್ರೂ ಮಾಡ್ಕೊಳ್ಳಿ’ ಎನ್ನುತ್ತೇನೆ. ‘ಆಗಲಿ’ ಎನ್ನುವುದಿಲ್ಲ. ಆ ಮಾತು ಮಾಲೂರಿನ ಒಂದು ಕತ್ತಲೆ ಕೋಣೆಯಲ್ಲಿ ಇನ್ನೂ ಓಡಾಡುತ್ತಿದೆ ಅನ್ನಿಸುತ್ತದೆ. ನಾನು ವಿಜ್ಞಾನ ಓದಿದವಳು, ದೆವ್ವ ಪಿಶಾಚಿ ನಂಬುವವಳಲ್ಲ. ಇದೊಂದನ್ನು ಮಾತ್ರ ನಂಬುತ್ತೇನೆ.

ಎಪ್ಪತ್ತರ ದಶಕದ ಕೊನೆ. ಬಿ.ಎಸ್ಸಿ ಮುಗಿಸಿದ್ದ ನನಗೆ ಮಾಲೂರಿನ ಹೊರಗಿದ್ದ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಮುಳಬಾಗಿಲಿನ ಮನೆ ಬಿಟ್ಟು ಬಾಡಿಗೆ ರೂಮಿಗೆ ಬಂದೆ. ನನ್ನ ಜೊತೆಗೇ ಕೆಲಸಕ್ಕೆ ಸೇರಿದವರು ಕ್ಯಾಲನೂರಿನ ಕಡೆಯ ರೈತರ ಮಗ, ನನ್ನ ಹಾಗೇ ಪ್ರಾಣಿಶಾಸ್ತ್ರ ಓದಿದವರು. ನಮ್ಮಿಬ್ಬರ ಕೆಲಸ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಲ್ಲ. ಗೂಡು ತೂತು ಮಾಡಿಕೊಂಡು ಹೊರಬಂದ ರೇಷ್ಮೆ ಚಿಟ್ಟೆಗಳನ್ನು ಜೋಡಿ ಮಾಡುವುದು, ಕೆಲವು ಗಂಟೆಯಾದ ಮೇಲೆ ಜೋಡಿ ಬಿಡಿಸುವುದು. ಹೆಣ್ಣನ್ನು ಮೊಟ್ಟೆಯಿಡಲು ಹಾಳೆಯ ಮೇಲೆ ಬಿಡುತ್ತಿದ್ದೆವು. ಗಂಡನ್ನು ತಣ್ಣಗಿರುವ ಕಡೆ ಎತ್ತಿಟ್ಟು, ಮರುದಿನ ಇನ್ನೊಂದು ಹೆಣ್ಣಿನ ಜೊತೆ ಬಿಡುತ್ತಿದ್ದೆವು. ಅಮ್ಮ ಕೇಳಿದರೆ ಮೈಕ್ರೋಸ್ಕೋಪ್ ನೋಡುವ ಕೆಲಸ ಎಂದಷ್ಟೇ ಹೇಳುತ್ತಿದ್ದೆ.

ಒಂದು ದಿನ ಅವರು ಹೆಣ್ಣು ಚಿಟ್ಟೆಯನ್ನು ಎತ್ತಿಟ್ಟು, ಅದು ಕೂತಿದ್ದ ಕಾಗದವನ್ನಷ್ಟೇ ಗಂಡಿನ ಮುಂದಿಟ್ಟರು. ಗಂಡು ಆ ಬರಿಯ ಕಾಗದದ ಸುತ್ತ ರೆಕ್ಕೆ ಬಡಿಯುತ್ತಾ ಕುಣಿಯಿತು. ಪಾಠದಲ್ಲಿ ಓದಿದ್ದ ವಿಷಯವೇ ಆದರೂ ಕಣ್ಣಾರೆ ಕಂಡಾಗ ಒಂಥರಾ ಹೆದರಿಕೆಯಾಯಿತು.

“ಪ್ರೀತಿ ಅಂದ್ರೆ ಇಷ್ಟೇನೇನ್ರೀ? ಬರೀ ವಾಸನೇನಾ?” ಎಂದೆ.

“ಮನುಷ್ಯರದ್ದು ಹೆಂಗೋ, ಅದನ್ನೂ ನೋಡೇಬಿಡೋಣ” ಎಂದರು.

ಹಾಗೆ ನಮ್ಮ ಸಂಶೋಧನೆ ಶುರುವಾಯಿತು. ಪ್ರೀತಿಗೆ ನಾಡಿ ಓಡುತ್ತದೆ ಎಂಬುದು ನಮ್ಮ ಊಹೆ. ಪರೀಕ್ಷೆಗೆ ಬೇರೆ ಯಾರೂ ಸಿಗದಿದ್ದರಿಂದ ನಾವೇ ಒಬ್ಬರದ್ದೊಬ್ಬರು ಮಣಿಕಟ್ಟು ಹಿಡಿದು ಎಣಿಸುತ್ತಿದ್ದೆವು. ಕೇವಲ ವಿಜ್ಞಾನಕ್ಕಾಗಿ! ಗೂಡು ಆರಿಸುವ ಕೆಲಸಕ್ಕೆ ಬರುತ್ತಿದ್ದ ಅಕ್ಕ ಒಬ್ಬರು ನೋಡಿ ನೋಡಿ, “ಏನಮ್ಮಾ, ಇಬ್ರಿಗೂ ದಿನಾ ಜ್ವರಾನಾ?” ಎಂದು ಕೇಳಿಯೇಬಿಟ್ಟರು. ಕೊನೆಗೆ ಇಬ್ಬರ ನಾಡಿಯೂ ಎಲ್ಲಕ್ಕಿಂತ ಜೋರಾಗಿ ಓಡಿದ್ದು ಮೇಲಧಿಕಾರಿ ತನಿಖೆಗೆ ಬಂದ ದಿನ. ನಮ್ಮ ಸಿದ್ಧಾಂತದ ಪ್ರಕಾರ ನಾವಿಬ್ಬರೂ ಆ ಬೊಕ್ಕತಲೆ ಸಾಹೇಬರನ್ನೇ ಪ್ರೀತಿಸುತ್ತಿದ್ದೆವು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ನಮ್ಮ ಮನೆಯ ಮಾತು ತೆಲುಗು. ಅವರದು ಕನ್ನಡ, ಸಂತೆಯಲ್ಲಿ ವ್ಯಾಪಾರಕ್ಕೆ ಬೇಕಾದಷ್ಟು ತೆಲುಗು ಮಾತ್ರ ಬರುತ್ತಿತ್ತು. ನನ್ನ ತಮ್ಮ ಒಂದು ಸಲ ನೋಡಲು ಬಂದಾಗ ನಾನು ಅವನ ಜೊತೆ ಹರಟಿದ್ದನ್ನು ಕೇಳಿಸಿಕೊಂಡು, “ಕನ್ನಡದಲ್ಲಿ ನೀವು ಮರ್ಯಾದೆಗೆ ಮಾತಾಡ್ತೀರ. ಮನಸ್ಸಲ್ಲಿರೋದು ತೆಲುಗಲ್ಲೇ ಬರುತ್ತೆ” ಎಂದರು. ಅವತ್ತಿನಿಂದ, ಮನೆಯಲ್ಲಿ ತೆಲುಗೇ ಆಡುತ್ತಿದ್ದ ಆ ಗೂಡಿನ ಅಕ್ಕನ ಹತ್ತಿರ ಕೂತು ತೆಲುಗು ಕಲಿತರು. ಅಕ್ಕ ಅವರ ಉಚ್ಚಾರಕ್ಕೆ ಬಿದ್ದು ಬಿದ್ದು ನಗುತ್ತಿದ್ದರು. ನನಗೋಸ್ಕರ ಒಬ್ಬರು ಭಾಷೆ ಕಲಿಯುತ್ತಿದ್ದಾರೆ ಎಂದು ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಆಮೇಲೊಂದು ದಿನ ಜೋಡಿ ಬಿಡಿಸುವ ಹೊತ್ತು. ರೆಕ್ಕೆಯ ಧೂಳು ಒಳಗೆ ಹೋಗದಿರಲೆಂದು ಇಬ್ಬರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೆವು. ಬೆಳಕು ಮಂದ. ಕೋಣೆಯ ತುಂಬ ರೆಕ್ಕೆಗಳ ಪಟಪಟ. ಮೇಜಿನ ಆಚೆಯಿಂದ, ಕೈಯ ಕೆಲಸ ನಿಲ್ಲಿಸದೆ ಅವರು ಕೇಳಿದರು: “ಯುಗಾದಿ ಆದ್ಮೇಲೆ ನಿಮ್ಮನೇಗ್ ಬಂದು ಕೇಳ್ಲಾ?”

ಏನು ಕೇಳುವುದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಜಾತಿ ಬೇರೆ, ಅಪ್ಪ ಕೂಗಾಡುತ್ತಾರೆ, ಎಲ್ಲ ಗೊತ್ತಿತ್ತು. ಬೇರೆ ದಿನವಾಗಿದ್ದರೆ ‘ಆಗ್ಲಿ ರೀ’ ಎಂದು ಒಗೆಯುತ್ತಿದ್ದೆ. ಇಂಥ ಪ್ರಶ್ನೆಗೆ ಅಂಥ ಹಗುರ ಮಾತು ಸಾಲದೆಂದು, ಮೇಷ್ಟರ ಮುಂದೆ ಪಾಠ ಒಪ್ಪಿಸುವವಳ ಹಾಗೆ, ಅಕ್ಷರ ಅಕ್ಷರವನ್ನೂ ಬಿಡಿಸಿ, “ಆಗಲಿ” ಎಂದೆ.

ಅವರು ಕೈಯಲ್ಲಿದ್ದ ಜೋಡಿಯನ್ನು ಬಿಡಿಸಿಟ್ಟು “ಸರಿ” ಎಂದರು.

ಯುಗಾದಿ ಬಂತು, ಹೋಯಿತು. ಮುಳಬಾಗಿಲಿಗೆ ಯಾರೂ ಬರಲಿಲ್ಲ. ಅವರು ಮೊದಲಿಗಿಂತ ಮೆತ್ತಗಾಗಿದ್ದರು, ಆದರೆ ನನ್ನ ಮಣಿಕಟ್ಟು ಮುಟ್ಟುವುದನ್ನು ಬಿಟ್ಟಿದ್ದರು. ಬಾಗಿಲಿಗೆ ಬರುವ ಧೈರ್ಯ ಇಲ್ಲದವರಿಗೆ ಕೇಳುವ ಶೋಕಿ ಯಾಕೆ ಎಂದು ನಾನು ಉರಿದುಹೋದೆ. ಹಲ್ಲುಗಿಂಜಿ ವಿಚಾರಿಸುವ ಜಾತಿಯವಳಲ್ಲ ನಾನು. ಮುಖ ತಿರುಗಿಸಿದೆ. ಅಷ್ಟರಲ್ಲಿ ಮನೆಯವರು ಶ್ರೀನಿವಾಸಪುರದ ಒಬ್ಬ ಲೆಕ್ಕಿಗರನ್ನು ಗೊತ್ತುಮಾಡಿದರು. ಹಟಕ್ಕೆ ಬಿದ್ದು ಒಪ್ಪಿಕೊಂಡೆ. ಕೇಂದ್ರದಲ್ಲಿ ಲಗ್ನಪತ್ರಿಕೆ ಕೊಟ್ಟಾಗ ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡುತ್ತಿದ್ದರು. “ಒಳ್ಳೇದಾಗ್ಲಿ” ಎಂದರು. ಆ ತಿಂಗಳೇ ಕೆಲಸ ಬಿಟ್ಟೆ.

ಎಂಬತ್ತರ ದಶಕದಲ್ಲಿ, ಬೆಂಗಳೂರಿಗೆ ಹೊರಟಿದ್ದ ನಾನು ಟೇಕಲ್ ಸ್ಟೇಷನ್ನಿನಲ್ಲಿ ಅವರನ್ನು ಮತ್ತೆ ಕಂಡೆ. ಅವರೇ ಗುರುತು ಹಿಡಿದು ಹತ್ತಿರ ಬಂದರು. ಹೆಂಡತಿ ಮಗುವನ್ನು ಎತ್ತಿಕೊಂಡು ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದರು. ಊರು, ಮನೆ, ಮಳೆಯ ಮಾತಾಯಿತು. ಆಮೇಲೆ ಅವರು ನಗುತ್ತಲೇ ಕೇಳಿದರು:

“ಬೇಜಾರು ಮಾಡ್ಕೋಬೇಡಿ, ಒಂದ್ ಮಾತು. ಅವತ್ತು ನೀವು ‘ಆಗಾಲಿ’ ಅಂದ್ರಿ. ಎಷ್ಟ್ ದಿನ ಅಂತ ಹೇಳ್ಲಿಲ್ಲ. ಆಮೇಲೆ ಮುಖ ಕೊಟ್ಟು ಮಾತೂ ಆಡ್ಲಿಲ್ಲ. ಇನ್ನೂ ಹೊತ್ತು ಬಂದಿಲ್ಲ ಅಂತ ಕಾಯ್ತಾನೇ ಇದ್ದೆ. ಯಾಕ್ರೀ ಹಂಗೆ ಕಾಯ್ಸಿದ್ರಿ?”

ಆಗಾಲಿ. ಅಕ್ಕ ಕಲಿಸಿದ ಹಾಗೇ, ತಪ್ಪಿಲ್ಲದ ತೆಲುಗಿನಲ್ಲಿ ಅಂದರು. ‘ಕಾಯಬೇಕು’ ಎಂದು ಅರ್ಥ. ನಾನು ಕನ್ನಡದಲ್ಲಿ ಒಪ್ಪಿದ್ದೆ. ನನ್ನ ಮನಸ್ಸಲ್ಲಿರುವುದು ತೆಲುಗಿನಲ್ಲೇ ಬರುತ್ತದೆಂದು ನಂಬಿದ್ದ ಅವರು ತೆಲುಗನ್ನೇ ಕೇಳಿಸಿಕೊಂಡಿದ್ದರು. ನನಗೋಸ್ಕರ ಕಲಿಯದೇ ಇದ್ದಿದ್ದರೆ ಯುಗಾದಿಗೆ ಬರುತ್ತಿದ್ದರು. ಅಥವಾ ತೆಲುಗು ಮನೆಯ ನನ್ನ ನಾಲಿಗೆಯೇ ಆ ದೀರ್ಘ ಎಳೆಯಿತೋ? ಆಮೇಲೆ ಎಷ್ಟೋ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಬಾಯಿಗೆ ಸೆರಗು ಅಡ್ಡ ಹಿಡಿದು ಆ ಮಾತನ್ನು ಆಡಿ ನೋಡಿದ್ದೇನೆ. ಒಂದು ಸಲ ಕನ್ನಡ ಕೇಳಿಸುತ್ತದೆ, ಇನ್ನೊಂದು ಸಲ ತೆಲುಗು.

ಸ್ಟೇಷನ್ನಿನಲ್ಲಿ ಮಾತ್ರ ನನಗೆ ಬಂದದ್ದು ಸಿಟ್ಟು. ‘ಅಯ್ಯೋ ದಡ್ಡಪ್ಪಾ, ನಾನು ಒಪ್ಪಿದ್ದೆ’ ಎಂದು ಕಿರುಚಬೇಕೆನಿಸಿತು. ಮಾತು ತುದಿ ನಾಲಿಗೆಯ ಮೇಲಿತ್ತು. ಅವರ ಹೆಂಡತಿ ನೀರು ಹಿಡಿದು ನಮ್ಮ ಕಡೆ ಬರುತ್ತಿದ್ದರು. ಕಾಯಿರಿ ಅಂದಾಗ ಕಾದೆ ಎಂಬ ಸಮಾಧಾನ ನನ್ನೆದುರು ನಿಂತಿದ್ದವರ ಮುಖದಲ್ಲಿತ್ತು, ಅವರಿಗೆ ಉಳಿದಿದ್ದದ್ದು ಅದೊಂದೇ.

“ಮನೇಲಿ ಆಗ ಪರಿಸ್ಥಿತಿ ಸರಿ ಇರ್ಲಿಲ್ಲ ರೀ. ಅದಕ್ಕೇ ಕಾಯಿರಿ ಅಂದೆ” ಎಂದೆ.

ಅವರು ತಲೆಯಾಡಿಸಿದರು. “ಅಂದ್ಕೊಂಡಿದ್ದೆ. ಅವ್ರು ಸುಮ್‌ಸುಮ್ನೆ ಕಾಯ್ಸೋರಲ್ಲ ಅಂತ ನಮ್ಮನೇವ್ಳಿಗೂ ಹೇಳಿದೀನಿ.”

ಆಕೆ ಹತ್ತಿರ ಬಂದರು. ಯಾರೂ ಪರಿಚಯ ಮಾಡಿಸುವ ಮೊದಲೇ, ನನ್ನ ಗುರುತು ಮೊದಲಿನಿಂದ ಇದ್ದವರ ಹಾಗೆ ನಕ್ಕು, ಮಗುವಿಗೆ ಹಿಡಿದ ನೀರನ್ನು ನನಗೆ ಕೊಟ್ಟರು.