ಕತ್ತರಿ ಚೀಲ ಮತ್ತು ಮಂಜುನಾಥರು

ಕಳೆದ ದೀಪಾವಳಿಯ ಶನಿವಾರ, ಕ್ಯಾಂಪ್‌ಬೆಲ್‌ನ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಡೆದ ಕನ್ನಡಿಗರ ಕೂಟಕ್ಕೆ ಮಂಜುನಾಥರ ಮಗ ನಿಖಿಲ್ ಸೊಂಟಕ್ಕೆ ಕತ್ತರಿ ಚೀಲ ಕಟ್ಟಿಕೊಂಡು ಬಂದ. ಚೀಲದಲ್ಲಿ ಕತ್ತರಿ ಇರಲಿಲ್ಲ, ಫೋನ್ ಇತ್ತು.

ಮಂಜುನಾಥರು ನಮ್ಮ ಪಕ್ಕದ ಮನೆಯವರು, ಮೆನ್ಲೋ ಪಾರ್ಕಿನ ಕಂಪನಿಯೊಂದರಲ್ಲಿ ಎಂಜಿನಿಯರ್. ಊರು ಯಾವುದೆಂದರೆ "ಮೈಸೂರು ಕಡೆ" ಎನ್ನುತ್ತಿದ್ದರು. ಮೈಸೂರು ಕಡೆ ಎಲ್ಲಿ ಎಂದು ಮುಂದುವರಿಸಿದವರಿಗೆ "ಊಟ ಆಯ್ತಾ ನಿಮ್ದು?" ಎಂಬ ಉತ್ತರ ಸಿಗುತ್ತಿತ್ತು, ಬೆಳಗಿನ ಹತ್ತು ಗಂಟೆಯಾದರೂ. ಕೂಟಗಳಲ್ಲಿ ಬಡಿಸುವ ಕೆಲಸ ಯಾವಾಗಲೂ ಅವರದೇ. ಬಡಿಸುವವರ ಜೊತೆ ಯಾರೂ ಹೆಚ್ಚು ಹೊತ್ತು ಮಾತಾಡುವುದಿಲ್ಲ.

ನಿಖಿಲ್ ಚಿಕ್ಕವನಿದ್ದಾಗ ಅವನ ಕೂದಲು ಸದಾ ಅಚ್ಚುಕಟ್ಟು. ಎಲ್ಲಿ ಕಟ್ ಮಾಡಿಸುತ್ತೀರಿ ಎಂದು ನನ್ನ ಹೆಂಡತಿ ಕೇಳಿದ್ದಳು. "ಫ್ರೀವೇ ಆ ಕಡೆ ಒಂದಿದೆ, ಹೆಸ್ರು ಮರ್ತೋಯ್ತು" ಎಂದರು. ಮುಂದಿನ ತಿಂಗಳೂ ಹೆಸರು ನೆನಪಾಗಿರಲಿಲ್ಲ.

ಕಾಲೇಜು ಸೇರಿದ ಮೇಲೆ ನಿಖಿಲ್ ಜಪಾನಿನ ಒಂದು ಸ್ಟೈಲು ಹಿಡಿದ. ಅಲ್ಲಿ ಕೆಲವು ಹುಡುಗರು ಹೇರ್ ಸ್ಟೈಲಿಸ್ಟ್‌ಗಳಂತೆ ಉಡುಪು ತೊಟ್ಟು ಬೀದಿಗೆ ಬರುತ್ತಾರಂತೆ: ಸಡಿಲ ಕಪ್ಪು ಪ್ಯಾಂಟು, ಒಂದರ ಮೇಲೊಂದು ಅಂಗಿ, ಶ್ರಮಪಟ್ಟು ಕೆದರಿದ ಕೂದಲು, ಸೊಂಟಕ್ಕೆ ಕತ್ತರಿ ಇಡುವ ಚೀಲ. ಮಂಜುನಾಥರು ಉಳಿದದ್ದನ್ನೆಲ್ಲ ಸಹಿಸಿದರು. ಚೀಲ ಮಾತ್ರ ಬೇಡ ಎಂದರು. ಯಾಕೆ ಎಂದು ಮಗ ಕೇಳಿದ. "ಊಟ ಆಯ್ತಾ ನಿಂದು?" ಎಂದರು.

"ಏನೋ, ಓದು ಬಿಟ್ಟು ಕಟಿಂಗ್ ಶಾಪ್ ಇಡ್ತೀಯೇನೋ?" ಎಂದರು ಕೂಟದ ಅಧ್ಯಕ್ಷರಾದ ಡಾಕ್ಟರ್ ಪ್ರಸಾದ್. "ನಿಮ್ಮಪ್ಪ ಇಷ್ಟು ದೂರ ಬಂದಿದ್ದು ಇದಕ್ಕಾ?"

ಎಲ್ಲರೂ ನಕ್ಕರು.

"ಜಪಾನಲ್ಲಿ ಅವರೇ ಕೂಲೆಸ್ಟ್, ಅಂಕಲ್" ಎಂದ ನಿಖಿಲ್.

ಬಿಸಿಬೇಳೆಬಾತ್ ಬಡಿಸುತ್ತಿದ್ದ ಮಂಜುನಾಥರು ಸೌಟು ಕೆಳಗಿಟ್ಟರು.

"ಜಪಾನ್ ಯಾಕೋ? ನಂಜನಗೂಡಲ್ಲಿ ನಿಮ್ ತಾತಂದು ಕಟಿಂಗ್ ಶಾಪೇ. ಪಿಯುಸಿವರೆಗೂ ನಾನೂ ಅಲ್ಲೇ ಕತ್ತರಿ ಹಿಡೀತಿದ್ದೆ. ನಿನ್ ಕೂದ್ಲು ಕಟ್ ಮಾಡೋದು ನಾನೇನು ವಿಡಿಯೋ ನೋಡಿ ಕಲ್ತೆ ಅಂದ್ಕೊಂಡಿದ್ಯಾ?"

ಈಗ ಯಾರೂ ನಗಲಿಲ್ಲ.

"ಯು ನೆವರ್ ಟೋಲ್ಡ್ ಮಿ, ಅಪ್ಪ."

"ಈಗ ಹೇಳಿದ್ನಲ್ಲ." ಮಂಜುನಾಥರು ಮತ್ತೆ ಸೌಟು ಎತ್ತಿಕೊಂಡರು. "ಇನ್ನೊಂಚೂರು ಹಾಕ್ಲಾ, ಡಾಕ್ಟ್ರೇ?"

ಡಾಕ್ಟರು ಸಾಕು ಎಂದರು. ಅವರ ಹಿಂದಿದ್ದವರೂ ಸಾಕು ಎಂದರು. ಅಂದು ಅರ್ಧ ಪಾತ್ರೆ ಬಿಸಿಬೇಳೆಬಾತ್ ಉಳಿಯಿತು.

ಜನವರಿಯಲ್ಲಿ ಮಂಜುನಾಥರು ಫಾಸ್ಟರ್ ಸಿಟಿಗೆ ಮನೆ ಬದಲಿಸಿದರು. ಹೊರಡುವ ಹಿಂದಿನ ದಿನ ನೋಡಲು ಹೋದೆ. ಖಾಲಿ ಹಾಲ್‌ನ ನಡುವೆ ಅವರು ಕುತ್ತಿಗೆಗೆ ಟವಲ್ ಸುತ್ತಿಕೊಂಡು ಕುರ್ಚಿಯಲ್ಲಿ ಕುಳಿತಿದ್ದರು. ನಿಖಿಲ್ ಕೈಯಲ್ಲಿ ಕತ್ತರಿ ಇತ್ತು.

"ಕಿವಿ ಜೋಪಾನ ಕಣೋ" ಎಂದರು. "ಕೂದ್ಲಾದ್ರೆ ಮತ್ತೆ ಬೆಳೆಯುತ್ತೆ."

ಇಲ್ಲಿಂದ ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದೆ.

"ಆಫೀಸು ಹತ್ರ ಆಗುತ್ತೆ."

ಯುಗಾದಿ ಕೂಟಕ್ಕೆ ಅವರ ಮನೆಯವರು ಯಾರೂ ಬರಲಿಲ್ಲ. ಅವರಿಗೆ ಆಹ್ವಾನ ಹೋಗಿತ್ತೇ ಎಂದು ಸಮಿತಿಯ ಮೂವರನ್ನು ವಿಚಾರಿಸಿದೆ. ಇನ್ನೊಬ್ಬರು ಕಳಿಸಿರಬೇಕು ಎಂದು ಮೂವರೂ ಹೇಳಿದರು.