ಮಣ್ಣು ಹಾಕುವ ಹೊತ್ತಿನ ಕೀರ್ತನೆ

ನಮ್ಮ ಶುಕ್ರವಾರದ ಪ್ರಾರ್ಥನಾ ಕೂಟದ ಮುಖಂಡ ಟೂರ್ ಪ್ಯಾಕೇಜಿನಲ್ಲಿ ಪುಣ್ಯಭೂಮಿ ಸುತ್ತಿ ಬಂದ ಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಕುವೈತ್ ಸಿಟಿಯ ಯಾವುದೋ ಆಫೀಸಿನಲ್ಲಿ ಮ್ಯಾನೇಜರ್ ಆಗಿದ್ದವನು ರಾತ್ರೋರಾತ್ರಿ ಪ್ರಾಚೀನ ಯೆಹೂದಿಗಳ, ಆದಿ ಕ್ರೈಸ್ತರ ಮಹಾಪಂಡಿತನಾಗಿಬಿಟ್ಟ. ಕರಾವಳಿಯಿಂದ ಬಂದ ಕೊಂಕಣಿ ಕ್ರೈಸ್ತರು ನಾವು. ವಾರವಿಡೀ ದುಡಿದು, ಇದ್ದೊಂದು ರಜೆಯಲ್ಲಿ ಅವನ ಫ್ಲ್ಯಾಟಿಗೆ ಹೋಗಿ ಸ್ಲೈಡ್ ನೋಡಬೇಕು. ತೂಕಡಿಸಿದರೆ ಅದೂ ಪಾಪ.

ಆ ಶುಕ್ರವಾರದ ವಿಷಯ, ಹಳೆಯ ಕಾಲದಲ್ಲಿ ಬೈಬಲಿನ ಕೀರ್ತನೆ ಓದುತ್ತಿದ್ದ ವೇಳೆಗಳು. ಹಿಂದಿನ ದಿನವಷ್ಟೇ ನಮ್ಮ ಕೂಟದ ನರ್ಸ್ ಒಬ್ಬಳ ತಾಯಿ ಊರಲ್ಲಿ ತೀರಿಕೊಂಡಿದ್ದರು. ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ನವೀಕರಣ ಮುಗಿಯದೆ ಅವಳು ಈ ದೇಶ ಬಿಟ್ಟು ಹೊರಡುವಂತಿರಲಿಲ್ಲ. ಅವಳು ನಮ್ಮಲ್ಲಿ ಬೇಡಿದ್ದು ಇಷ್ಟೇ: ತಾಯಿಯನ್ನು ಮಣ್ಣು ಮಾಡುವ ಹೊತ್ತಿಗೆ ನಾವೆಲ್ಲ ಅವಳ ಜೊತೆ ನಿಂತು ಒಂದು ಕೀರ್ತನೆ ಓದಬೇಕು.

“ನಾಲ್ಕು ಗಂಟೆಗಲ್ವಾ? ಟೈಮ್ ಬೇಕಾದಷ್ಟು ಉಂಟು. ಊಟ ಮುಗಿಸಿಯೇ ಪ್ರೇಯರ್ ಮಾಡುವ,” ಎಂದು ಮಹಾಶಯ ಘೋಷಿಸಿ ಭಾಷಣಕ್ಕೆ ಇಳಿದ. ಫೋನಿನ ವಿಡಿಯೋ ಕಾಲಿನಲ್ಲಿ ಊರಿನ ಮನೆಯಂಗಳ ನೋಡುತ್ತಿದ್ದ ಅವಳಿಗೆ ಅದು ಕೇಳಿಸಿತೋ ಇಲ್ಲವೋ.

ಅವನು ದೇವಾಲಯದ ಬೆಳಗಿನ ಬಲಿ, ಮಧ್ಯಾಹ್ನದ ಬಲಿ, ಯಾವ ತಾಸಿಗೆ ಯಾವ ಹಾಡು ಎಂದು ಕೊರೆಯುತ್ತಲೇ ಇದ್ದ. ಅವಳ ಹಿಂದೆ ಕೂತಿದ್ದ ನನಗೆ ಫೋನಿನ ಪರದೆ ಕಾಣುತ್ತಿತ್ತು. ತಾಯಿಯ ಶವಪೆಟ್ಟಿಗೆ ಊರಿನ ಇಗರ್ಜಿಯಿಂದ ಹೊರಗೆ ಬರುತ್ತಿತ್ತು. ಊರಿನ ನಾಲ್ಕೆಂದರೆ ಇಲ್ಲಿ ಒಂದೂವರೆ. ಎರಡು ಸಾವಿರ ವರ್ಷದ ಹಿಂದಿನ ಗಡಿಯಾರ ಬಾಯಿಪಾಠವಿದ್ದ ಮನುಷ್ಯನಿಗೆ ಮಂಗಳೂರಿನ ಗಂಟೆ ಗೊತ್ತಿಲ್ಲ! ನನಗೆ ಮೈಯೆಲ್ಲ ಉರಿಯಿತು.

ಎದ್ದು ನಿಂತು ಹೇಳಿದೆ: “ಅಲ್ಲಿ ಈಗಲೇ ನಾಲ್ಕಾಯ್ತು. ಸಮಾಧಿಗೆ ಕೊಂಡು ಹೋಗ್ತಾ ಇದ್ದಾರೆ. ನಿಲ್ಲಿಸಿ ಮಾರಾಯ್ರೆ.”

ಅವನು ನನ್ನ ಕಡೆ ಅಂಗೈ ಚಾಚಿದ, ಟ್ರಾಫಿಕ್ ಪೊಲೀಸನ ಹಾಗೆ. “ಫೈವ್ ಮಿನಿಟ್ಸ್. ಇದೇ ಇಂಪಾರ್ಟೆಂಟ್ ಸ್ಲೈಡ್.”

ಆ ಸ್ಲೈಡಿನಲ್ಲಿ ಇದ್ದದ್ದೇನು? ಆದಿ ಕ್ರೈಸ್ತರು ಸತ್ತವರನ್ನು ಒಂಟಿಯಾಗಿ ಕಳಿಸುತ್ತಿರಲಿಲ್ಲವಂತೆ. ಇಡೀ ಸಭೆ ಕೀರ್ತನೆ ಹಾಡುತ್ತ ಜೊತೆಗೆ ನಡೆಯುತ್ತಿತ್ತಂತೆ. ಅದನ್ನು ಹೇಳುವಾಗ ಅವನ ಕಂಠ ಗದ್ಗದವಾಯಿತು. ಕೆಲವರು ತಲೆಯನ್ನೂ ತೂಗಿದರು. ನರ್ಸ್ ಸದ್ದಿಲ್ಲದೆ ಎದ್ದು ಅಡಿಗೆಮನೆಗೆ ಹೋದಳು. ನನ್ನ ಹೆಂಡತಿ ಹಿಂದೆಯೇ ಓಡಿದಳು, ನಾನೂ ಹೋದೆ. ಬಿರಿಯಾನಿ ಪಾತ್ರೆಗಳ ನಡುವೆ ನಿಂತು ಮೂವರೂ ಕೀರ್ತನೆ ಶುರು ಮಾಡಿದೆವು. ಎರಡನೆಯ ಸಾಲಿಗೆ ಬಂದಿದ್ದೆವಷ್ಟೇ. ಪರದೆಯಲ್ಲಿ ಅವಳ ತಮ್ಮ ಮೊದಲ ಹಿಡಿ ಮಣ್ಣು ಹಾಕಿದ.

ಅಷ್ಟರಲ್ಲಿ ಭಾಷಣ ಮುಗಿದಿರಬೇಕು. ಮುಖಂಡ ಬಾಗಿಲಿಗೆ ಬಂದು, ದೊಡ್ಡ ಉಪಕಾರ ಮಾಡುವವನಂತೆ ಮುಗುಳ್ನಕ್ಕ. “ಬನ್ನಿ ಸಿಸ್ಟರ್, ಎಲ್ಲರೂ ನಿಂತಿದ್ದಾರೆ. ಊಟಕ್ಕೆ ಮೊದಲೇ ಓದಿಬಿಡುವ.”

ಅವಳು ಫೋನ್ ಆರಿಸಿ ಕಣ್ಣು ಒರೆಸಿಕೊಂಡಳು.

“ಖಲಾಸ್ ಅಣ್ಣ. ಅಮ್ಮನಿಗೆ ಮಣ್ಣು ಹಾಕಿ ಆಯ್ತು. ನೀವು ಊಟಕ್ಕೆ ಕೂತ್ಕೊಳ್ಳಿ.”